ಬೆಂಗಳೂರಿನ ನೀರಿನ ಖಾತೆ



ವೃತ್ತಿಯಿಂದ ನಾನು ಚಾರ್ಟರ್ಡ್ ಅಕೌಂಟೆಂಟ್. ಜಮಾ, ಖರ್ಚು, ಉಳಿಕೆ ನೋಡುವುದು ನನ್ನ ಕೆಲಸ. ಇಂದು ಅದೇ ಕಣ್ಣಿನಿಂದ ಬೆಂಗಳೂರಿನ ನೀರಿನ ಚರಿತ್ರೆ ನೋಡೋಣ. ಗಲ್ಫ್‌ನಲ್ಲಿ ದುಡಿಯುವ ನಮ್ಮಲ್ಲಿ ಅನೇಕರ ಉಳಿತಾಯ ಅಲ್ಲಿನ ಸೈಟು, ಫ್ಲ್ಯಾಟುಗಳಲ್ಲೇ ಇದೆಯಲ್ಲವೇ?

ಸಮುದ್ರದ ನೀರು ಆವಿಯಾಗಿ, ಮೋಡವಾಗಿ, ಮಳೆಯಾಗಿ ಇಳಿಯುತ್ತದೆ. ಒಂದಷ್ಟು ಹರಿದುಹೋಗುತ್ತದೆ, ಒಂದಷ್ಟು ನೆಲಕ್ಕೆ ಇಂಗುತ್ತದೆ, ಉಳಿದದ್ದು ಮತ್ತೆ ಆವಿಯಾಗುತ್ತದೆ. ಬೆಂಗಳೂರು ದೊಡ್ಡ ನದಿಯ ದಂಡೆಯಲ್ಲಿಲ್ಲ. ಎತ್ತರದ ದಿಣ್ಣೆಯ ಮೇಲಿದೆ. ಬಿದ್ದ ಮಳೆ ಒಂದು ಕಡೆ ಅರ್ಕಾವತಿಗೆ, ಇನ್ನೊಂದು ಕಡೆ ದಕ್ಷಿಣ ಪಿನಾಕಿನಿಗೆ ಇಳಿದುಬಿಡುತ್ತದೆ. ಅದನ್ನು ಹಿಡಿದಿಡಲೆಂದೇ ಹಿರಿಯರು ಕೆರೆ ಕಟ್ಟಿದರು. ಒಂದು ಕೆರೆ ಕೋಡಿ ಹರಿದರೆ ಆ ನೀರು ರಾಜಕಾಲುವೆಯಲ್ಲಿ ಮುಂದಿನ ಕೆರೆ ಸೇರುತ್ತಿತ್ತು.

1896ರಲ್ಲಿ ಅರ್ಕಾವತಿಯ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. 1933ರಲ್ಲಿ ಅದೇ ನದಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಚಾಮರಾಜಸಾಗರ ಕಟ್ಟಿದರು. 1974ರಲ್ಲಿ ಕಾವೇರಿ ಬಂತು, ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ. ನಲ್ಲಿಯಲ್ಲಿ ನೀರು ಬಂದಮೇಲೆ ಊರೊಳಗಿನ ಕೆರೆ ಬೇಡವಾಯಿತು. ಧರ್ಮಾಂಬುಧಿ ಕೆರೆಯಿದ್ದ ಜಾಗ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆಯಿದ್ದ ಜಾಗ ಕಂಠೀರವ ಕ್ರೀಡಾಂಗಣ.

ನೆಲಕ್ಕೆ ಕಾಂಕ್ರೀಟು ಹಾಸಿದೆವು, ಇಂಗುವುದು ನಿಂತಿತು. ಹಾಗಾಗಿಯೇ 2022ರ ಸೆಪ್ಟೆಂಬರಿನಲ್ಲಿ ಮುಳುಗಿದ ಊರೇ 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾಯಿತು. ಬೋರ್‌ವೆಲ್ ನೀರನ್ನು ನಾವು ಆದಾಯವೆಂದು ಬರೆದುಕೊಂಡೆವು. ನಿಜಕ್ಕೂ ಅದು ಬಂಡವಾಳ. ಇಂಗಿದ್ದಕ್ಕಿಂತ ಹೆಚ್ಚು ಎತ್ತಿದರೆ ಅಸಲೇ ಕರಗುತ್ತದೆ. ಅಂತರ್ಜಲ ಕೆಳಗಿಳಿದಾಗ ನದಿಗೆ ಬರುವ ಒರತೆಯೂ ನಿಲ್ಲುತ್ತದೆ. ಅರ್ಕಾವತಿ ಬತ್ತಿದ್ದಕ್ಕೆ ಅದೂ ಒಂದು ಕಾರಣ.

ಇನ್ನೊಂದು ವಿಚಿತ್ರ ನೋಡಿ. ಕಾವೇರಿಯಿಂದ ಎತ್ತಿದ ನೀರಿನ ಒಂದು ಪಾಲು, ಬಳಸಿದ ಮೇಲೆ, ಬೆಳ್ಳಂದೂರು ಕೆರೆಯ ಮೂಲಕ ದಕ್ಷಿಣ ಪಿನಾಕಿನಿಯ ಕಡೆಗೆ ಹರಿಯುತ್ತದೆ. ಒಂದು ನದಿಯ ಖಾತೆಯಿಂದ ತೆಗೆದದ್ದು ಇನ್ನೊಂದರ ಖಾತೆಗೆ ಜಮಾ, ಅದೂ ಕೊಳಚೆಯಾಗಿ!

ಮುಂದಿನ ಸಲ ಊರಲ್ಲಿ ಮನೆ ಕೊಳ್ಳುವಾಗ ಬಿಲ್ಡರನ್ನು ಮೂರು ಪ್ರಶ್ನೆ ಕೇಳಿ. ಈ ಜಾಗ ಮೊದಲು ಏನಾಗಿತ್ತು? ಮಳೆನೀರು ಎಲ್ಲಿ ಇಂಗುತ್ತದೆ? ಬಳಸಿದ ನೀರು ಎಲ್ಲಿಗೆ ಹೋಗುತ್ತದೆ? ಉತ್ತರ ಸಿಗದಿದ್ದರೆ ಮುಂಗಡ ಕೊಡಬೇಡಿ. ದುಡ್ಡು ನಿಮ್ಮದು; ನೀರು ಮಾತ್ರ ಮುಂದಿನವರದ್ದೂ ಹೌದು.