ಹೆಳವರ ಗಂಟೆಯಿಂದ ಉಗುಳಿನ ಡಬ್ಬಿವರೆಗೆ

ಜಯನಗರ ನಾಲ್ಕನೇ ಬ್ಲಾಕಲ್ಲಿ ಸೊಪ್ಪು ಆರಿಸ್ತಾ ನಿಂತಿದ್ರೂ ಸರಿ, ಮದುವೆ ಮನೇಲಿ ಎಲೆ ಮುಂದೆ ಕೂತಿದ್ರೂ ಸರಿ, ನಮ್ಮ ವಯಸ್ಸಿನೋರು ಸಿಕ್ಕಿದ್ರೆ ಮೊದಲ ಪ್ರಶ್ನೆ ಒಂದೇ. "ನೀವು ಯಾವ ಕಡೆಯವರು? ಯಾರ ಪೈಕಿ?" ಎರಡು ಮಾತಲ್ಲಿ ಯಾರೋ ಒಬ್ಬರು ಸೋದರತ್ತೆ ಕಡೆಯಿಂದ ನೆಂಟರಾಗಿಬಿಡ್ತಾರೆ. ಇದೇ ಕೆಲಸವನ್ನ ಈಗ ಅಮೆರಿಕದಲ್ಲಿರೋ ನಮ್ಮ ಮಕ್ಕಳು ಒಂದು ಸಣ್ಣ ಡಬ್ಬಿಗೆ ಉಗುಳಿ ಮಾಡಿಸ್ಕೊಳ್ತಿದಾರೆ. ಡಿಎನ್‌ಎ ಪರೀಕ್ಷೆ ಅದು. ಡಬ್ಬಿ ಜೊತೆ ಒಂದು ಅಕೌಂಟು, ಅಕೌಂಟಿನ ತುಂಬಾ ಸೆಟ್ಟಿಂಗ್ಸು. ಯಾರಿಗೆ ನಮ್ಮ ಹೆಸರು ಕಾಣಬೇಕು, ಯಾರಿಗೆ ಕಾಣಬಾರದು ಅನ್ನೋ ಪ್ರಶ್ನೆಗಳೇ ಎಲ್ಲ.

ಈ ಪ್ರಶ್ನೆ ಹೊಸದೇನಲ್ಲ. ಮನೆಯ ವಂಶದ ಮಾತು ಯಾರ ಕೈಲಿರಬೇಕು, ಅದನ್ನ ಯಾರ ಎದುರು ಹೇಳಬೇಕು ಅನ್ನೋದಕ್ಕೆ ನಮ್ಮಲ್ಲಿ ಹಳೇ ಕಾಲದಿಂದ ಒಂದು ವ್ಯವಸ್ಥೆ ಇತ್ತು. ಅದನ್ನ ತಿಳ್ಕೊಂಡು ಆಮೇಲೆ ಸೆಟ್ಟಿಂಗ್ಸಿಗೆ ಬರೋಣ.

ನಮ್ಮ ಯಜಮಾನರ ಊರು ಹಿರಿಯೂರಿನ ಹತ್ರ. ಅವರಜ್ಜಿ ಹೇಳ್ತಿದ್ರು, ಬೆಳಿಗ್ಗೆ ಬೆಳಿಗ್ಗೆ ಗಂಟೆ ಸದ್ದು ಕೇಳಿದ್ರೆ ಹೆಳವರು ಬಂದ್ರು ಅಂತ. ಹೆಳವ ಅಂದ್ರೆ ಕುಂಟ. ಎತ್ತಿನ ಮೇಲೆ ಕೂತು, ಕಾಲು ಕಾಣದ ಹಾಗೆ ಕಂಬಳಿ ಹೊದ್ದು ಬರೋರು. ಎಡ್ಗರ್ ಥರ್ಸ್ಟನ್ ಅನ್ನೋ ಬ್ರಿಟಿಷ್ ಅಧಿಕಾರಿ 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ಹೊರತಂದ್ರು. ಅದರಲ್ಲಿ ಬಳ್ಳಾರಿ ಕಡೆಯ ಹೆಳವರ ವಿಷಯಾನೂ ಇದೆ. ಊರಿನ ಚರಿತ್ರೆ ಕಾಯೋರು ಇವರೇ ಅಂತ, ಮನೆಮನೆಗೂ ಹೋಗಿ ಆ ಕುಟುಂಬದ ಕಥೆ, ಯುದ್ಧದಲ್ಲಿ ಸತ್ತ ವೀರರ ಹೆಸರು ಎಲ್ಲಾ ಹೇಳ್ತಾರೆ ಅಂತ ಬರೆದಿದಾರೆ.

ಒಂದೊಂದು ಹೆಳವರ ಮನೆತನಕ್ಕೂ ಇಂತಿಷ್ಟು ಒಕ್ಕಲು ಅಂತ ಇರ್ತಿತ್ತು. ಅಪ್ಪ ಹೇಳಿದ ಮನೆಗಳಿಗೇ ಮಗನೂ ಹೇಳ್ತಿದ್ದ. ಮೂಲಪುರುಷ ಯಾರು, ಯಾವ ಊರಿಂದ ಗುಳೆ ಬಂದ್ರು, ಯಾರಿಗೆ ಎಷ್ಟು ಮಕ್ಕಳು, ಎಲ್ಲ ಅವನ ಬಾಯಲ್ಲಿ, ಅವನ ಪುಸ್ತಕದಲ್ಲಿ. ಹೋದ ಸಲ ಬಂದ ಮೇಲೆ ಹುಟ್ಟಿದ ಮಕ್ಕಳ ಹೆಸರೂ ಸೇರಿಸ್ಕೊಂಡು ಹೋಗೋನು. ಮನೆಯವರು ಕಾಳು, ಬಟ್ಟೆ, ಅನುಕೂಲ ಇದ್ರೆ ಕರು ಕೊಟ್ಟು ಕಳಿಸೋರು. ಇದರಲ್ಲಿ ಒಂದು ವಿಷಯ ಗಮನಿಸಿ. ಹೆಳವ ನಿಮ್ಮ ವಂಶ ಹೇಳ್ತಿದ್ದದ್ದು ನಿಮ್ಮ ಮನೆ ಮುಂದೆ ನಿಂತು, ನಿಮ್ಮ ಹಿರಿಯರ ಎದುರಿಗೆ. ಕೇಳೋಕೆ ಕೂತಿರೋರು ಯಾರು ಅಂತ ಅವನಿಗೂ ಕಾಣ್ತಿತ್ತು, ನಮಗೂ ಕಾಣ್ತಿತ್ತು.

ಶ್ರಾದ್ಧ ಮಾಡೋ ಮನೆಗಳಲ್ಲಿ ಅಪ್ಪ, ತಾತ, ಮುತ್ತಾತ ಅಂತ ಮೂರು ತಲೆ ಹೆಸರು ಹೇಳ್ತಾರೆ. ಅಲ್ಲಿ ಅಮ್ಮ, ಅಜ್ಜಿ, ಮುತ್ತಜ್ಜಿ ಹೆಸರೂ ಬರತ್ತೆ. ಆದ್ರೆ ಗೋಡೆಗೆ ತೂಗುಹಾಕೋ ವಂಶವೃಕ್ಷದಲ್ಲಿ ನಮ್ಮಂಥ ಹೆಂಗಸರು ಸಿಗೋದು ಕಮ್ಮಿ. ಕೊಂಬೆ ಎಲ್ಲಾ ಗಂಡು ಮಕ್ಕಳದ್ದು. ಹೆಸರು ಹೇಳೋಕೂ ಹಿಂಜರಿಕೆ ಇದ್ದ ಕಾಲ ಅದು. 1951-52ರ ಮೊದಲ ಮಹಾಚುನಾವಣೆ ಪಟ್ಟಿ ಮಾಡುವಾಗ ಉತ್ತರದ ಕಡೆ ಎಷ್ಟೋ ಹೆಂಗಸರು "ಇಂಥೋರ ಹೆಂಡತಿ, ಇಂಥೋರ ತಾಯಿ" ಅಂದ್ರೇ ಹೊರತು ಸ್ವಂತ ಹೆಸರು ಹೇಳಲಿಲ್ಲ. ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನ ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಹೋಯ್ತು. ಬೇರೆಯವರು ನಮ್ಮನ್ನ ಮರೆಮಾಡೋದು ಬೇರೆ, ನಾವೇ ಯೋಚಿಸಿ ಇಷ್ಟು ಸಾಕು ಅನ್ನೋದು ಬೇರೆ. ಈ ವ್ಯತ್ಯಾಸ ಮನಸ್ಸಲ್ಲಿಟ್ಟುಕೊಂಡು ಮುಂದೆ ಓದಿ.

ಡಬ್ಬಿಯಲ್ಲಿ ಒಂದು ಒಳ್ಳೇದಿದೆ, ಅದನ್ನೂ ಹೇಳಬೇಕು. ನಮ್ಮ ಜೀವಕೋಶದಲ್ಲಿ ಮೈಟೊಕಾಂಡ್ರಿಯ ಅಂತಿದೆಯಲ್ಲಾ, ಅದರ ಡಿಎನ್‌ಎ ತಾಯಿಯಿಂದಷ್ಟೇ ಬರತ್ತೆ. ನನಗೆ ಅಮ್ಮನಿಂದ, ಅಮ್ಮನಿಗೆ ಅಜ್ಜಿಯಿಂದ. ವಂಶವೃಕ್ಷ ಬಿಟ್ಟ ದಾರೀನ ಪರೀಕ್ಷೆ ಹಿಡಿಯತ್ತೆ. ಆದ್ರೆ ಉಳಿದ ಲೆಕ್ಕ ಕೇಳಿ. ಅಪ್ಪ ಅಮ್ಮನಿಂದ ಅರ್ಧರ್ಧ. ಅಜ್ಜಿ ಮೊಮ್ಮಕ್ಕಳಲ್ಲಿ ಸುಮಾರು ಶೇ. 25, ಅಣ್ಣ ತಮ್ಮಂದಿರ ಮಕ್ಕಳು ಪರಸ್ಪರ ಸುಮಾರು ಶೇ. 12.5. ಅಂದ್ರೆ ನಾನು ಒಂದು ಡಬ್ಬಿ ಕಳಿಸಿದ್ರೆ ನನ್ನೊಬ್ಬಳದ್ದೇ ಅಲ್ಲ, ತಂಗಿ, ಮಕ್ಕಳು, ಕೇಳದೇ ಇರೋ ನೆಂಟರದ್ದೂ ಒಂದೊಂದು ಪಾಲು ಹೋಯ್ತು.

ನಮ್ಮ ಕಡೆ ಇನ್ನೊಂದು ತೊಡಕಿದೆ. ಸೋದರಮಾವನಿಗೆ, ಅತ್ತೆ ಮಗನಿಗೆ ಕೊಟ್ಟು ತಂದು ಮಾಡಿದ ಮನೆಗಳು ನಮ್ಮವು. ಹಾಗಾಗಿ ದೂರದ ನೆಂಟರೂ ಲೆಕ್ಕದಲ್ಲಿ ಹತ್ತಿರದೋರ ಥರ ಕಾಣಬಹುದು. ಪಟ್ಟಿ ಏನೋ ಹೇಳ್ತು ಅಂತ ಗಾಬರಿ ಬೀಳೋ ಮುಂಚೆ ಅಜ್ಜಿ ಮದುವೆ ಯಾರ ಜೊತೆ ಆಗಿತ್ತು ಅಂತ ಕೇಳ್ಕೊಳ್ಳಿ.

ಈಗ ನಮ್ಮ ಮನೆ ವಿಷಯ. ಸಂಬಂಧಪಟ್ಟೋರನ್ನ ಕೇಳಿಯೇ ಬರೀತಿದೀನಿ, ಹೆಸರು ಬರಿಯೋದಿಲ್ಲ. ನಮ್ಮ ದೊಡ್ಡಮ್ಮನಿಗೆ ಮಕ್ಕಳಾಗಲಿಲ್ಲ. ಚಿಕ್ಕಮ್ಮ ತನ್ನ ಎರಡನೇ ಮಗನ್ನ ಅಕ್ಕನ ಮಡಿಲಿಗೆ ಹಾಕಿದ್ರು. ಹಿರಿಯರಿಗೆಲ್ಲಾ ಗೊತ್ತು, ಆ ಅಣ್ಣನಿಗೂ ಗೊತ್ತು, ಅವನ ಮಕ್ಕಳಿಗೆ ಮಾತ್ರ ಹೇಳಿರಲಿಲ್ಲ. ಮುಚ್ಚಿಡಬೇಕು ಅಂತಲ್ಲ, ಹೇಳೋ ಸಂದರ್ಭ ಬರಲಿಲ್ಲ ಅಷ್ಟೇ. ಅವನ ಮಗಳು ನ್ಯೂಜೆರ್ಸಿಯಲ್ಲಿದಾಳೆ. "ಅತ್ತೆ, ನಾನು ಟೆಸ್ಟ್ ಮಾಡಿಸಿದೀನಿ, ಅಪ್ಪ ಇಲ್ಲಿಗೆ ಬಂದಾಗ ಅವರದ್ದೂ ಮಾಡಿಸ್ತೀನಿ, ನೆಂಟರ ಪಟ್ಟಿ ಆನ್ ಮಾಡ್ಲಾ?" ಅಂತ ಫೋನ್ ಮಾಡಿದ್ಲು. ಚಿಕ್ಕಮ್ಮನ ಮೊಮ್ಮಗಳು ಸಿಯಾಟಲ್‌ನಲ್ಲಿ ಆಗಲೇ ಆ ಪಟ್ಟಿಯಲ್ಲಿದ್ಲು. ಇವರಿಬ್ಬರೂ ಅಜ್ಜಿಯಂದಿರು ಅಕ್ಕತಂಗಿ ಅಂತ ತಿಳ್ಕೊಂಡೋರು. ಹಾಗಿದ್ರೆ ಸುಮಾರು ಶೇ. 3 ಬರಬೇಕು. ಬರೋದು ಶೇ. 12ರ ಹತ್ರ. ಓದಿದ ಹುಡುಗೀರಿಗೆ ಅರ್ಥ ಆಗೋಕೆ ಎಷ್ಟು ಹೊತ್ತು?

"ಮೊದಲು ನಿಮ್ಮಪ್ಪನ್ನ ಕೇಳು ಕಂದಾ, ಅಲ್ಲಿವರೆಗೂ ಆಫ್ ಇರಲಿ" ಅಂದೆ. ಅಣ್ಣನಿಗೆ ಫೋನ್ ಮಾಡಿ ವಿಷಯ ಹೇಳ್ದೆ. ಅವನು ಆ ಭಾನುವಾರವೇ ಮಕ್ಕಳಿಬ್ಬರನ್ನೂ ವಿಡಿಯೊ ಕಾಲಲ್ಲಿ ಕೂರಿಸ್ಕೊಂಡು ತಾನೇ ಎಲ್ಲಾ ಹೇಳ್ದ. ಡಬ್ಬಿಗೆ ಮಾತ್ರ ಉಗುಳಲಿಲ್ಲ. "ನಮ್ಮಮ್ಮ ಯಾರು ಅಂತ ನಾನು ಹೇಳಬೇಕು, ಡಬ್ಬಿ ಅಲ್ಲ" ಅಂದ. ಅವಳು ಅತ್ತಿದ್ದು ನಿಜ. ಗೊತ್ತಾದದ್ದಕ್ಕಲ್ಲ ಅತ್ತೆ, ಅಪ್ಪ ಇಷ್ಟು ವರ್ಷ ಒಬ್ಬರೇ ಇಟ್ಕೊಂಡಿದ್ರಲ್ಲಾ ಅಂತ ಅಂದ್ಲು.

ಮನೆ ಮಾತು ಹೀಗಾದ್ರೆ ಊರ ಮಾತೂ ಇದೆ. 2018ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದಶಕಗಳಿಂದ ಸಿಗದ ಒಬ್ಬ ಕೊಲೆಗಾರನ್ನ ಪೊಲೀಸರು ಹಿಡಿದದ್ದು ಜೆಡ್‌ಮ್ಯಾಚ್ ಅನ್ನೋ ವಂಶಾವಳಿ ತಾಣದಿಂದ. ಅವನು ಪರೀಕ್ಷೆ ಮಾಡಿಸಿರಲಿಲ್ಲ, ದೂರದ ನೆಂಟರು ಮಾಡಿಸಿದ್ರು. ಪಾಪಿ ಸಿಕ್ಕಿದ್ದು ಒಳ್ಳೇದೇ ಆಯ್ತು. ಆದ್ರೆ ನಮ್ಮನ್ನ ಕೇಳದೇ ಹುಡುಕಿದ್ರಲ್ಲಾ ಅಂತ ಜನ ಎದ್ದ ಮೇಲೆ, 2019ರಲ್ಲಿ ಆ ತಾಣ ನಿಯಮ ಬದಲಿಸ್ತು. ಒಪ್ಪಿಗೆ ಗುಂಡಿ ಒತ್ತಿದೋರದ್ದು ಮಾತ್ರ ಪೊಲೀಸರ ಹುಡುಕಾಟಕ್ಕೆ ಸಿಗೋ ಹಾಗೆ ಮಾಡ್ತು.

2023ರಲ್ಲಿ ಟ್ವೆಂಟಿತ್ರೀ ಆಂಡ್ ಮಿ ಕಂಪನಿಯಲ್ಲಿ ಕಳ್ಳರು ನುಗ್ಗಿದ್ದು ಸುಮಾರು 14,000 ಅಕೌಂಟಿಗೆ. ಬೇರೆ ಕಡೆ ಕದ್ದ ಪಾಸ್‌ವರ್ಡೇ ಇಲ್ಲೂ ನಡೀತು. ಆದ್ರೆ ನೆಂಟರ ಪಟ್ಟಿ ಆನ್ ಇದ್ದದ್ರಿಂದ ಆ 14,000 ಬಾಗಿಲಿಂದ ಸುಮಾರು 69 ಲಕ್ಷ ಜನರ ವಿವರ ಕಂಡುಬಿಡ್ತು. 2025ರ ಮಾರ್ಚಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕ್ತು. ಆಮೇಲೆ ಅದನ್ನ ಕಟ್ಟಿದೋರಲ್ಲೇ ಒಬ್ಬರಾದ ಆನ್ ವೊಜಿಸ್ಕಿಯವರ ಲಾಭರಹಿತ ಸಂಸ್ಥೆ ಕೊಂಡ್ಕೊಳ್ತು. ಹೆಳವ ಊರು ಬಿಟ್ಟು ಹೋಗಬಹುದಿತ್ತು, ಆದ್ರೆ ಅವನ ಪುಸ್ತಕ ನ್ಯಾಯಾಲಯದಲ್ಲಿ ಹರಾಜಿಗೆ ಬಂದದ್ದು ಯಾರೂ ಕೇಳಿರಲಿಲ್ಲ.

ನಮ್ಮವರೇ ಒಬ್ಬರನ್ನ ಇಲ್ಲಿ ನೆನೆಯಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಲ್ಲಿ, ಆಧಾರ್ ವಿಷಯಕ್ಕೆ ಸುಪ್ರೀಂ ಕೋರ್ಟಿಗೆ ಹೋದ್ರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದ್ರು. 2023ರಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿಗೆ ಸಂಸತ್ತು ಕಾಯ್ದೇನೂ ಮಾಡ್ತು. ಹಕ್ಕು ಇದೆ. ಆದ್ರೆ ಗುಂಡಿ ಒತ್ತೋದು ನಮ್ಮ ಬೆರಳು.

ಹಾಗಾಗಿ ಮಕ್ಕಳನ್ನ ಪಕ್ಕ ಕೂರಿಸ್ಕೊಂಡು ಇಷ್ಟು ನೋಡಿ. ಜಾಗಗಳ ಹೆಸರು ಒಂದೊಂದು ಕಂಪನಿಯಲ್ಲಿ ಒಂದೊಂದು ಥರ, ವಿಷಯ ಇದೇ.

ಮೊದಲು ನೆಂಟರ ಪಟ್ಟಿ. ಇದಕ್ಕೆ ಸೇರದೇನೂ ನಿಮ್ಮ ಫಲಿತಾಂಶ ನೋಡಬಹುದು. ಸೇರೋದಾದ್ರೆ ಪೂರ್ತಿ ಹೆಸರಿನ ಬದಲು ಇನಿಷಿಯಲ್ ಸಾಕು. ಹುಟ್ಟಿದ ವರ್ಷ, ಊರು, ಮನೆತನದ ಹೆಸರು ತುಂಬಲೇಬೇಕಂತೇನಿಲ್ಲ, ಖಾಲಿ ಬಿಡಿ.

ಎರಡನೇದು ವಂಶವೃಕ್ಷ. ಅದನ್ನ ಎಲ್ಲರಿಗೂ ಕಾಣೋ ಹಾಗೂ ಇಡಬಹುದು, ಖಾಸಗಿಯಾಗೂ ಇಡಬಹುದು. ಖಾಸಗಿ ಮಾಡಿ. ಬದುಕಿರೋರ ಜನ್ಮದಿನ, ಅಮ್ಮನ ತವರುಮನೆ ಹೆಸರು ಅಲ್ಲಿ ಹಾಕಬೇಡಿ, ಬ್ಯಾಂಕಲ್ಲಿ ಗುರುತಿಗೆ ಕೇಳೋದೂ ಅದನ್ನೇ.

ಮೂರನೇದು ಒಪ್ಪಿಗೆಗಳು. ಸಂಶೋಧನೆಗೆ ಬಳಸೋಕೆ ಒಂದು, ಉಗುಳನ್ನ ಕಾಪಿಟ್ಟುಕೊಳ್ಳೋಕೆ ಒಂದು, ಬೇರೆ ಬೇರೆ ಕೇಳ್ತಾರೆ. ಓದದೆ ಹೂಂ ಅನ್ನಬೇಡಿ. ಬೇಡ ಅಂದ್ರೆ ಮಾದರಿ ನಾಶ ಮಾಡಿ ಅಂತ ಹೇಳಬಹುದು. ಅಕೌಂಟ್ ಅಳಿಸಿದ್ರೂ ಆಗಲೇ ಸಂಶೋಧನೆಗೆ ಬಳಸಿದ್ದು ವಾಪಸ್ ಬರಲ್ಲ.

ನಾಲ್ಕನೇದು ಬೀಗ. ಬೇರೆಲ್ಲೂ ಹಾಕದ ಪಾಸ್‌ವರ್ಡು, ಜೊತೆಗೆ ಫೋನಿಗೆ ಕೋಡ್ ಬರೋ ಎರಡನೇ ಬೀಗ.

ಐದನೇದು ಮುಖ್ಯ. ಅಕೌಂಟ್ ಯಾರ ಇಮೇಲಲ್ಲಿದೆ? ಅತ್ತೆಯ ಉಗುಳು, ಸೊಸೆಯ ಅಕೌಂಟು ಅಂತಾದ್ರೆ ಅತ್ತೆಗೆ ಏನೇನು ಆನ್ ಇದೆ ಅಂತ ಗೊತ್ತಿರಬೇಕು. ಬೇಡ ಅಂದ ದಿನ ಆಫ್ ಮಾಡೋ ಮಾತೂ ಮೊದಲೇ ಆಗಿರಬೇಕು.

ಇದೆಲ್ಲಕ್ಕಿಂತ ಮುಂಚಿನ ಸೆಟ್ಟಿಂಗು ಯಾವ ಪರದೆಯಲ್ಲೂ ಇರಲ್ಲ. ಡಬ್ಬಿ ಒಡೆಯೋ ಮುಂಚೆ ಮನೆ ಹಿರಿಯರ ಹತ್ರ ಅರ್ಧ ಗಂಟೆ ಕೂತ್ಕೊಳ್ಳಿ. ಕಾಫಿ ಕೊಟ್ಟು ಕೇಳಿ, ಹೇಳದೇ ಉಳಿದದ್ದು ಏನಾದ್ರೂ ಇದೆಯಾ ಅಂತ. ಹೇಳಿದ್ರೆ ಕೇಳಿಸ್ಕೊಳ್ಳಿ. ಹೇಳಲ್ಲ ಅಂದ್ರೆ ಆ ಪಟ್ಟಿ ಆಫಲ್ಲೇ ಇರಲಿ. ನಿಮ್ಮ ಮನೇಲಿ ಯಾರಿಗಾದ್ರೂ ಇಂಥ ಡಬ್ಬಿ ಬಂದಿದ್ರೆ ಇದನ್ನ ಓದಿ ಹೇಳಿ. ಸೆಟ್ಟಿಂಗ್ಸ್ ನೋಡೋಕೆ ಮಕ್ಕಳಿಲ್ಲದೇ ಇದ್ರೆ ಮಧ್ಯಾಹ್ನ ಮೂರರ ಮೇಲೆ ಫೋನ್ ಹಿಡ್ಕೊಂಡು ನಮ್ಮನೆಗೇ ಬನ್ನಿ, ಇಬ್ಬರೂ ಕೂತು ನೋಡೋಣ.