ಸೈಟ್ ಸೊಟ್ಟ ಇದ್ರೆ ಯಾರು ತಿದ್ದಬೇಕು?

ಭಾಗ 1

ಎನ್‌ಸಿಸಿ ಫೈರಿಂಗ್‌ಗೆ ಹೋದೋರಿಗೆಲ್ಲ ಈ ಜಗಳ ಗೊತ್ತಿರುತ್ತೆ. ಐದು ರೌಂಡ್ ಹೊಡೆದು ಟಾರ್ಗೆಟ್ ಹತ್ರ ಹೋದ್ರೆ ಐದೂ ತೂತು ಅಂಗೈ ಅಗಲದೊಳಗೆ ಇರ್ತವೆ. ಆದ್ರೆ ನಡುವೆ ಅಲ್ಲ, ಎಡಗಡೆ ಮೂಲೇಲಿ. ಪಕ್ಕದವನು "ನಿನಗೆ ಗುರಿ ಇಡೋಕೇ ಬರಲ್ಲ ಬಿಡಲೇ" ಅಂತಾನೆ. ಅವನ ಮಾತು ನಂಬಬೇಡ್ರಿ. ಗುರಿ ಬರದವನ ಗುಂಡು ಐದು ಕಡೆ ಚದುರುತ್ತೆ. ಐದೂ ಒಂದೇ ಕಡೆ ಬಿದ್ದು ಜಾಗ ಮಾತ್ರ ತಪ್ಪಿದ್ರೆ ಮೊದಲು ಸೈಟ್ ಮೇಲೆ ಅನುಮಾನ ಪಡಬೇಕು. ಅದೇ ರೈಫಲ್‌ನ ಇನ್ನೊಬ್ಬರ ಕೈಗೆ ಕೊಟ್ಟು ನೋಡಿದಾಗ ಅವರದ್ದೂ ಅಲ್ಲೇ ಬಿದ್ರೆ ವಿಷಯ ಮುಗೀತು.

ಲೆಕ್ಕ ನೋಡ್ರಿ, ಬಿಕಾಂನವರಿಗೆ ತ್ರೈರಾಶಿ ಸಾಕು. ಹಳೇ ಥ್ರೀ ನಾಟ್ ಥ್ರೀ ರೈಫಲ್‌ನಲ್ಲಿ ನಮ್ಮ ಕಣ್ಣಿನ ಕಡೆ ಇರೋ ಬ್ಯಾಕ್‌ಸೈಟ್‌ಗೂ ನಳಿಗೆ ತುದಿಯ ಫೋರ್‌ಸೈಟ್‌ಗೂ ನಡುವೆ ಸುಮಾರು ಅರ್ಧ ಮೀಟರ್ ಅಂತರ. ಬ್ಯಾಕ್‌ಸೈಟ್ ಎಡಕ್ಕೆ 1 ಮಿ.ಮೀ. ಸರಿದಿದೆ ಅಂದ್ಕೊಳ್ಳಿ. ಅರ್ಧ ಮೀಟರ್‌ಗೆ 1 ಮಿ.ಮೀ. ಆದ್ರೆ 100 ಮೀಟರ್‌ಗೆ 200 ಮಿ.ಮೀ. ಅಂದ್ರೆ ಗುಂಡು 20 ಸೆಂ.ಮೀ. ಎಡಕ್ಕೆ! ಸ್ಕೇಲ್ ಮೇಲಿನ ಒಂದು ಸಣ್ಣ ಗೆರೆಯಷ್ಟು ತಪ್ಪಿಗೆ ಒಂದು ಗೇಣು ದಂಡ.

ತಿದ್ದೋ ನಿಯಮವೂ ಸುಲಭ. ಗುಂಡು ಯಾವ ಕಡೆ ಹೋಗಬೇಕೋ ಬ್ಯಾಕ್‌ಸೈಟ್‌ನ ಆ ಕಡೆ ಸರಿಸಬೇಕು. ಫೋರ್‌ಸೈಟ್ ಆದ್ರೆ ಉಲ್ಟಾ. ಗುಂಡು ಎಡಕ್ಕೆ ಹೋಗ್ತಿದ್ರೆ ಅದನ್ನೂ ಎಡಕ್ಕೇ ತಳ್ಳಬೇಕು.

ಎನ್‌ಸಿಸಿಯಲ್ಲಿ ಗುರಿ ಹಿಡಿಯೋದಕ್ಕೆ ಹಿಂದಿಯಲ್ಲಿ "ಶಿಸ್ತ್ ಲೇನಾ" ಅಂತಾರೆ. ನಮ್ಮ ಕನ್ನಡದಲ್ಲಿ ಶಿಸ್ತು ಅಂದ್ರೆ ನಡವಳಿಕೆ, ಇತಿಹಾಸದ ಪುಸ್ತಕದಲ್ಲಿ "ಶಿವಪ್ಪನಾಯಕನ ಶಿಸ್ತು" ಅಂದ್ರೆ ಭೂಕಂದಾಯ. ಬಂದೂಕು, ಕಂದಾಯ, ಕಾಲೇಜು ಮೂರಕ್ಕೂ ಹೊಂದೋ ಪದ!

ಇಷ್ಟು ಸುಲಭದ ಕೆಲಸ ಅಂದ್ಮೇಲೆ, ಕೈಲಿ ಬಂದೂಕು ಹಿಡಿದವನೇ ತನ್ನ ಸೈಟ್ ತಿದ್ದಿಕೊಳ್ಳಬಹುದಲ್ವಾ? ಇತಿಹಾಸದಲ್ಲಿ ಅದಕ್ಕೆ ಯಾವಾಗಲೂ ಅವಕಾಶ ಸಿಗಲಿಲ್ಲ. ಅದನ್ನ ಹೇಳೋಕೇ ಇಷ್ಟು ಪೀಠಿಕೆ.

ಭಾಗ 2

ನಮ್ಮ ಹಗರಿಬೊಮ್ಮನಹಳ್ಳಿಯಿಂದ ಗಂಟೆ ದಾರಿಯ ಹಂಪಿಯಲ್ಲಿ ಆಳಿದ ಕೃಷ್ಣದೇವರಾಯ 1520ರಲ್ಲಿ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ. ಆಗ ಕ್ರಿಸ್ಟೋವಾವ್ ದ ಫಿಗರೇದೋ ಅನ್ನೋ ಪೋರ್ಚುಗೀಸನ ಜೊತೆ ಸುಮಾರು 20 ಬಂದೂಕುಗಾರರು ಬಂದಿದ್ರು ಅಂತ ನೂನಿಜ್ ಬರೆದಿದ್ದಾನೆ. ಗೋಡೆ ಮೇಲೆ ತಲೆ ಎತ್ತಿದವರನ್ನ ಇವರು ಹೊಡೀತಿದ್ರೆ, ಕೆಳಗೆ ರಾಯನ ಆಳುಗಳು ಕೋಟೆಯ ಕಲ್ಲು ಕೀಳ್ತಿದ್ರು. ನೆಟ್ಟಗೆ ಹೊಡೆಯೋ ಇಪ್ಪತ್ತು ಜನರ ಬೆಲೆ ಏನು ಅಂತ ನಮ್ಮ ಸೀಮೆಗೆ ಆಗಲೇ ಗೊತ್ತಾಗಿತ್ತು.

ಈಗ ಒಂದೇ ಸಲ 1857ಕ್ಕೆ ಬರ್ತೀನಿ. ಎನ್‌ಫೀಲ್ಡ್ ರೈಫಲ್ ಅಂದ ಕೂಡಲೇ ಎಲ್ಲರೂ ಕೊಬ್ಬು ಸವರಿದ ತೋಟಾದ ಕಥೆ ಹೇಳ್ತಾರೆ. ಪರೀಕ್ಷೆಗೂ ಅದೇ ಬರುತ್ತೆ. ಆದ್ರೆ ಆ 1853ರ ಮಾದರಿಯ ಬಂದೂಕಿನಲ್ಲಿ ಇನ್ನೆರಡು ಹೊಸ ಸಂಗತಿ ಇದ್ವು. ಒಂದು, ನಳಿಗೆ ಒಳಗಿನ ಸುರುಳಿ ಗೆರೆ. ಗುಂಡು ತಿರುಗ್ತಾ ಹೋಗಿ ದಾರಿ ತಪ್ಪದಂಗೆ ಮಾಡೋದು ಅದೇ. ಇನ್ನೊಂದು, ದೂರಕ್ಕೆ ತಕ್ಕಂತೆ ಏರಿಸಿ ಇಳಿಸೋ ಬ್ಯಾಕ್‌ಸೈಟ್. ಅದರ ಮೇಲೆ ಸುಮಾರು 900 ಗಜದವರೆಗೆ ಗುರುತು ಹಾಕಿದ್ರು.

ದಂಗೆ ಅಡಗಿದ ಮೇಲೆ ಬ್ರಿಟಿಷರು ಏನು ಮಾಡಿದ್ರು ಗೊತ್ತಾ? ಭಾರತೀಯ ಸಿಪಾಯಿಗಳಿಗೆ ಅಂತಲೇ ಬೇರೆ ಬಂದೂಕು ಮಾಡಿಸಿದ್ರು. ಹೊರಗಿನಿಂದ ನೋಡಿದ್ರೆ ಅದೇ ಎನ್‌ಫೀಲ್ಡ್. ಒಳಗೆ ಸುರುಳಿ ಗೆರೆ ಇಲ್ಲ, ನಳಿಗೆ ನುಣ್ಣಗೆ. ಏರಿಳಿಸೋ ಬ್ಯಾಕ್‌ಸೈಟ್ ತೆಗೆದು ಅಲುಗದ ಒಂದು ತುಂಡು ಕೂರಿಸಿದ್ರು. ಬಂದೂಕು ನಿಂದೇ, ಆದ್ರೆ ದೂರಕ್ಕೆ ಗುರಿ ಹೊಂದಿಸೋ ಹಕ್ಕು ನಿನಗಿಲ್ಲ ಅಂತ. ತೋಟಾಗಿಂತ ನನಗೆ ಇದೇ ದೊಡ್ಡ ಅವಮಾನ ಅನ್ಸುತ್ತೆ. ಇದರ ಬಗ್ಗೆ ಯಾರೂ ಲಾವಣಿ ಕಟ್ಟಿದ್ದು ನಾನಂತೂ ಕೇಳಿಲ್ಲ.

ಲಾವಣಿ ಅಂದ್ಕೂಡ್ಲೇ ಎಸ್ಸೆಸ್ಸೆಲ್ಸಿಯ "ಹಲಗಲಿ ಬೇಡರು" ನೆನಪಾಗಿರಬೇಕು. ಅದೂ ಇದೇ 1857ರ ಕಥೆ. ಜನ ಆಯುಧ ಇಟ್ಕೊಳ್ಳಬಾರದು ಅನ್ನೋ ಕಾಯ್ದೆ ಬಂತು, ಮುಧೋಳದ ಹತ್ರದ ಹಲಗಲಿಯವರು ಕೊಡಲ್ಲ ಅಂದ್ರು, ನವೆಂಬರ್‌ನಲ್ಲಿ ಸೈನ್ಯ ಬಂದು ಊರು ಸುಟ್ಟಿತು, 19 ಜನರನ್ನ ಗಲ್ಲಿಗೇರಿಸಿದ್ರು. ಅಲ್ಲಿ ಬಂದೂಕನ್ನೇ ಕಿತ್ಕೊಂಡ್ರು, ಸಿಪಾಯಿಗೆ ಬಂದೂಕು ಕೊಟ್ಟು ಸೈಟ್ ಕಿತ್ಕೊಂಡ್ರು.

ಕೊಡಗಿನವರಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಈಗಲೂ 1959ರ ಆಯುಧ ಕಾಯ್ದೆಯಡಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್ ಬೇಕಿಲ್ಲ. ಸದ್ಯದ ಆದೇಶ 2029ರವರೆಗೆ ಇದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯ ನಡೆಸ್ತಾರೆ.

ಭಾಗ 3

ಮುಂದೆಯೂ ಬಹಳ ಕಾಲ ಒಂದೇ ನೀತಿ: ಗೋರಾ ಸೈನಿಕನಿಗೆ ಹೊಸದು, ಅವನು ಬಿಟ್ಟಿದ್ದು ನಮ್ಮವರಿಗೆ. 1914ರಲ್ಲಿ ಭಾರತೀಯ ಸೈನ್ಯ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದ ಮೇಲೆ ಹಳೇ ರೈಫಲ್ ವಾಪಸ್ ಕೊಟ್ಟು ಹೊಸದು ತಗೊಂಡಿತು. ಅಲ್ಲಿನ ತೋಟಾ ಬೇರೆ, ಗುಂಡು ಹಾರೋ ರೀತಿ ಬೇರೆ. ಹಳೇ ಸೈಟ್‌ನ ಗುರುತು ಅದಕ್ಕೆ ತಾಳೆ ಆಗ್ತಿರಲಿಲ್ಲ. ಯುದ್ಧಕ್ಕೆ ಬಂದಿಳಿದ ಮೇಲೆ ಹೊಸ ಬಂದೂಕಿನ ಕೈವಾಟ ಕಲಿಯೋದು, ಯೋಚನೆ ಮಾಡ್ರಿ.

ಆ ಹೊಸ ರೈಫಲ್ಲೇ ನಮ್ಮ ಥ್ರೀ ನಾಟ್ ಥ್ರೀಯ ಮಾರ್ಕ್ 3, 1907ರ ಮಾದರಿ. ಅದರ ಬ್ಯಾಕ್‌ಸೈಟ್ 200ರಿಂದ 2000 ಗಜದವರೆಗೆ ಏರ್ತಿತ್ತು. ಪಕ್ಕದ ಸಣ್ಣ ತಿರುಪು ತಿರುಗಿಸಿದ್ರೆ ಎಡಬಲಕ್ಕೂ ಸರೀತಿತ್ತು. ಅಂದ್ರೆ ಹಿಡಿದವನೇ ತಿದ್ದಿಕೊಳ್ಳಬಹುದಿತ್ತು. ಆದ್ರೆ ಯುದ್ಧ ಜೋರಾದಾಗ ಫ್ಯಾಕ್ಟರಿಗೆ ಬೇಕಾಗಿದ್ದು ಸಂಖ್ಯೆ. ಬೇಗ ಮಾಡೋಕೆ ಆ ತಿರುಪು ತೆಗೆದು ಹಾಕಿದ್ರು. ಮಾರ್ಕ್ 3ರ ಮುಂದೆ ಒಂದು ನಕ್ಷತ್ರ ಬಂತು, ಸೈಟ್‌ನಲ್ಲಿದ್ದ ಅನುಕೂಲ ಹೋಯ್ತು. ಈ ಸಲ ಕಾರಣ ಅಪನಂಬಿಕೆ ಅಲ್ಲ, ಶುದ್ಧ ಕಾಸ್ಟ್ ಕಟಿಂಗ್. ನಮ್ಮ ಕಾಸ್ಟ್ ಅಕೌಂಟಿಂಗ್ ಪುಸ್ತಕಕ್ಕೆ ಒಳ್ಳೇ ಉದಾಹರಣೆ ಆಗ್ತಿತ್ತು.

ಆ ನಕ್ಷತ್ರದ ರೈಫಲ್‌ನಲ್ಲಿ ಗುಂಡು ಪಕ್ಕಕ್ಕೆ ಹೋದ್ರೆ ಆರ್ಮರರ್ ಹತ್ರವೇ ಹೋಗಬೇಕು. ಅವನೂ ಬ್ಯಾಕ್‌ಸೈಟ್ ಮುಟ್ಟಲ್ಲ. ಫೋರ್‌ಸೈಟ್ ಒಂದು ಗಾಡಿಯೊಳಗೆ ಬಿಗಿಯಾಗಿ ಕೂತಿರುತ್ತೆ, ಅದನ್ನ ಕ್ಲಾಂಪಿನಂಥ ಸಾಧನ ಹಾಕಿ ಕೂದಲೆಳೆಯಷ್ಟು ತಳ್ತಾನೆ. ಮತ್ತೆ ಐದು ರೌಂಡ್ ಹೊಡೆಸ್ತಾನೆ, ನೋಡ್ತಾನೆ, ಬೇಕಿದ್ರೆ ಇನ್ನೊಂದು ಚೂರು. ಗುಂಡು ಮೇಲೆ ಬೀಳ್ತಿದ್ರೆ ಇನ್ನೂ ಎತ್ತರದ ಫೋರ್‌ಸೈಟ್ ಹಾಕ್ತಾನೆ, ಕೆಳಗೆ ಬೀಳ್ತಿದ್ರೆ ಗಿಡ್ಡದು. ಕೆಡೆಟ್‌ಗಳು ಕಲ್ಲು, ಸುತ್ತಿಗೆ ಹಿಡ್ಕೊಂಡು ಕುಟ್ಟೋಕೆ ಹೋಗಬೇಡ್ರಪ್ಪ. ಸೈಟ್ ಹಾಳಾಗುತ್ತೆ, ಬೈಗುಳ ಬೇರೆ.

ಬಂಗಾಳದ ಇಶಾಪುರ ಫ್ಯಾಕ್ಟರಿ ಸ್ವಾತಂತ್ರ್ಯದ ನಂತರವೂ ಇದನ್ನೇ ಮಾಡ್ತಾ ಬಂತು. 1962ರ ಚೀನಾ ಯುದ್ಧದ ಮೇಲೆ ಅದೇ ಮೈಕಟ್ಟಿಗೆ 7.62 ಮಿ.ಮೀ. ತೋಟಾ ಹೊಂದಿಸಿ 2ಎ, ಆಮೇಲೆ 2ಎ1 ಅಂತ ತಂದ್ರು. 2ಎ1ರಲ್ಲಿ ಬ್ಯಾಕ್‌ಸೈಟ್ ಮೇಲಿನ 2000 ಹೋಗಿ 800 ಬಂತು. 2000 ದೂರಕ್ಕೆ ಒಬ್ಬ ಮನುಷ್ಯ ಬರಿಗಣ್ಣಲ್ಲಿ ಕಾಣ್ತಾನಾ ಅಂತ ಕೊನೆಗೂ ಯಾರೋ ಕೇಳಿರಬೇಕು.

ನಿಮ್ಮ ಎನ್‌ಸಿಸಿ ಕೋಣೇಲಿ ಡ್ರಿಲ್‌ಗೆ ಅಂತ ಇಟ್ಟಿರೋ ಹಳೇ ಡಿಪಿ ರೈಫಲ್ ಇದ್ರೆ, ಮುಂದಿನ ಪರೇಡ್ ದಿನ ಅನುಮತಿ ಕೇಳಿ ಬ್ಯಾಕ್‌ಸೈಟ್ ಪಕ್ಕ ನೋಡ್ರಿ. ಸಣ್ಣ ತಿರುಪು ಇದೆಯಾ, ಇಲ್ವಾ? ನಳಿಗೆ ಹಿಂದಿನ ಪಟ್ಟಿ ಮೇಲೆ ಯಾವ ಇಸವಿ ಇದೆ? ನೋಡಿ ನನಗೂ ಹೇಳ್ರಿ.