ನಾಣ್ಯದ ಮರುಪರೀಕ್ಷೆ: ಒಂದು ಐತಿಹಾಸಿಕ ಅವಲೋಕನ

ನಮ್ಮ ಚಿಲಮತ್ತೂರು ಎರಡು ಭಾಷೆಗಳ ಊರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಎಂಬುದು ಇಲ್ಲಿನ ಅನೇಕ ಕುಟುಂಬಗಳ ನಿತ್ಯದ ರೂಢಿ. ಆದ್ದರಿಂದ ಒಂದೇ ಶಬ್ದವು ಎರಡು ಭಾಷೆಗಳಲ್ಲಿ ಪಡೆದಿರುವ ಅರ್ಥಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶ ನಮಗೆ ಸಹಜವಾಗಿ ದೊರೆಯುತ್ತದೆ. ಕನ್ನಡದಲ್ಲಿ ‘ನಾಣ್ಯ’ವೆಂದರೆ ಟಂಕಸಾಲೆಯಲ್ಲಿ ಅಚ್ಚೊತ್ತಿದ ಹಣ. ತೆಲುಗಿನವರು ‘ನಾಣ್ಯಮೈನ ಸರುಕು’ ಎಂದರೆ ಅದು ಒಳ್ಳೆಯ ಗುಣದ ಸಾಮಾನು. ನಮ್ಮ ಹಿರಿಯರೂ ನಂಬತಕ್ಕ ಮನುಷ್ಯನನ್ನು ‘ನಾಣ್ಯಸ್ಥ’ ಎಂದು ಕರೆಯುತ್ತಿದ್ದರು. ಹಣ, ಗುಣ, ನಂಬಿಕೆ ಈ ಮೂರನ್ನೂ ಒಂದೇ ಶಬ್ದದಲ್ಲಿ ಕಟ್ಟಿಟ್ಟ ಜನ ನಾವು. ಈ ಸಂಗತಿಯ ಕಡೆಗೆ ನಮ್ಮ ಗಮನವನ್ನು ಮತ್ತೆ ಸೆಳೆದದ್ದು ಹಳೆಯ ವಿದ್ಯಾರ್ಥಿಯೊಬ್ಬರ ಪ್ರಶ್ನೆ.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವರಿಗೆ ಹಳೆಯ ನಾಣ್ಯಗಳನ್ನು ಸಂಗ್ರಹಿಸುವ ಹವ್ಯಾಸ. ಒಂದು ಹಬ್ಬಕ್ಕೆ ಊರಿಗೆ ಬಂದಾಗ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿ ಭದ್ರವಾಗಿ ಮುಚ್ಚಿದ ಎರಡು ಬೆಳ್ಳಿ ರೂಪಾಯಿಗಳನ್ನು ತಂದು ನಮ್ಮೆದುರು ಇಟ್ಟರು. ಎರಡೂ ಆರನೆಯ ಜಾರ್ಜ್ ದೊರೆಯ ಮುಖವಿರುವ 1938ರ ರೂಪಾಯಿಗಳು. ಒಂದರ ಚೀಟಿಯ ಮೇಲೆ ‘ಎಂ.ಎಸ್. 62’ ಎಂದಿತ್ತು. ಇನ್ನೊಂದರ ಮೇಲೆ ಅಂಕೆ ಇರಲಿಲ್ಲ. ನಾಣ್ಯ ಅಸಲಿ, ಆದರೆ ಅದನ್ನು ಯಾರೋ ಉಜ್ಜಿ ತೊಳೆದಿದ್ದಾರೆ ಎಂಬ ಅರ್ಥದ ಮಾತಿತ್ತು. “ಸಾರ್, ಎರಡೂ ಪೆಟ್ಟಿಗೆ ಒಡೆಯಬೇಕೆಂದಿದ್ದೇನೆ. ಮೊದಲನೆಯದನ್ನು ಮತ್ತೆ ಪರೀಕ್ಷೆಗೆ ಕಳುಹಿಸಿದರೆ 63 ಬರಬಹುದು. ಎರಡನೆಯದನ್ನು ಪೆಟ್ಟಿಗೆಯಿಲ್ಲದೆ ಮಾರಿದರೆ ಒಳ್ಳೆಯ ಬೆಲೆ ಸಿಗುತ್ತದೆಂದು ವ್ಯಾಪಾರಿಯೊಬ್ಬರು ಹೇಳಿದರು. ಇದರಲ್ಲಿ ತಪ್ಪೇನಾದರೂ ಇದೆಯೇ?” ಎಂದು ಕೇಳಿದರು. ಆಗ ನಾವು ಕೂಡಲೇ ಉತ್ತರಿಸಲಿಲ್ಲ. ಯೋಚಿಸಿದಾಗ ತೋರಿದ್ದನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಮೊದಲು ಈ ಪೆಟ್ಟಿಗೆಯ ವಿಚಾರ. 1949ರಲ್ಲಿ ಅಮೆರಿಕದ ವಿಲಿಯಂ ಶೆಲ್ಡನ್ ಎಂಬ ವಿದ್ವಾಂಸರು ತಮ್ಮ ದೇಶದ ಹಳೆಯ ತಾಮ್ರದ ಸೆಂಟುಗಳ ಸ್ಥಿತಿಯನ್ನು ಅಳೆಯಲು 1ರಿಂದ 70ರವರೆಗಿನ ಮಾಪನವನ್ನು ರೂಪಿಸಿದರು. ಗುರುತಿಸಲಷ್ಟೇ ಸಾಧ್ಯವಾಗುವಷ್ಟು ಸವೆದ ನಾಣ್ಯಕ್ಕೆ 1, ಕುಂದಿಲ್ಲದ ನಾಣ್ಯಕ್ಕೆ 70. ಚಲಾವಣೆಯಲ್ಲಿ ಸವೆಯದೆ ಉಳಿದದ್ದಕ್ಕೆ 60ರಿಂದ ಮೇಲಿನ ಅಂಕ. 1986ರಲ್ಲಿ ಪಿ.ಸಿ.ಜಿ.ಎಸ್., 1987ರಲ್ಲಿ ಎನ್.ಜಿ.ಸಿ. ಎಂಬ ಸಂಸ್ಥೆಗಳು ಶುಲ್ಕ ಪಡೆದು ನಾಣ್ಯವನ್ನು ಪರೀಕ್ಷಿಸಿ, ಅಂಕ ನೀಡಿ, ಚೀಟಿಯೊಡನೆ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುವ ಕೆಲಸವನ್ನು ಆರಂಭಿಸಿದವು. ಕೊಳ್ಳುವವನೂ ಮಾರುವವನೂ ಅಲ್ಲದ ಮೂರನೆಯವನೊಬ್ಬನ ತೀರ್ಪು ಎಂಬುದೇ ಇದರ ಬೆಲೆ. ಒಂದೊಂದು ಅಂಕಕ್ಕೂ ಬೆಲೆಯಲ್ಲಿ ಬಹಳ ಅಂತರವಿರುವುದರಿಂದ ಪೆಟ್ಟಿಗೆಯನ್ನು ಒಡೆದು ನಾಣ್ಯವನ್ನು ಹೊಸದೆಂಬಂತೆ ಮತ್ತೆ ಕಳುಹಿಸುವ ರೂಢಿಯೂ ಬೆಳೆಯಿತು.

ಮೂರನೆಯವನ ತೀರ್ಪೆಂಬುದು ಅಮೆರಿಕದಲ್ಲಿ ಹುಟ್ಟಿದ್ದಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ರೂಪದರ್ಶಕ’ನೆಂಬ ಅಧಿಕಾರಿಯ ಪ್ರಸ್ತಾಪವಿದೆ. ನಾಣ್ಯಗಳನ್ನು ಪರೀಕ್ಷಿಸಿ, ಯಾವುದು ವ್ಯವಹಾರಕ್ಕೆ ಯೋಗ್ಯ, ಯಾವುದು ರಾಜನ ಬೊಕ್ಕಸಕ್ಕೆ ಯೋಗ್ಯ ಎಂದು ನಿರ್ಣಯಿಸುವುದು ಅವನ ಕೆಲಸ. ‘ಪಾರೀಕ್ಷಿಕ’ವೆಂಬ ಪರೀಕ್ಷಾಶುಲ್ಕ ನೂರಕ್ಕೆ ಎಂಟನೆಯ ಒಂದು ಭಾಗ. ಪರೀಕ್ಷಿಸುವವನಿಗೆ ಶುಲ್ಕ ಸಲ್ಲಬೇಕು, ಆದರೆ ಅದು ನಾಣ್ಯವನ್ನು ಹೊಗಳಲು ಕೊಡುವ ಲಂಚವಾಗದಷ್ಟು ಅಲ್ಪವಾಗಿರಬೇಕು ಎಂಬ ವಿವೇಕ ಇದರಲ್ಲಿ ನಮಗೆ ಕಾಣುತ್ತದೆ.

ಕನ್ನಡನಾಡಿನಲ್ಲಿ ಈ ಪರೀಕ್ಷೆಯ ಅಗತ್ಯ ಬಹಳವಾಗಿತ್ತು. ಶಾಸನಗಳಲ್ಲಿ ಗದ್ಯಾಣವೊಂದನ್ನೇ ಹೇಳದೆ ‘ಲೊಕ್ಕಿಗದ್ಯಾಣ’ ಎಂದು ವಿಶೇಷಿಸಿ ಹೇಳುವುದುಂಟು. ಅಂದರೆ ಇಂದಿನ ಲಕ್ಕುಂಡಿಯ ಟಂಕಸಾಲೆಯ ಗದ್ಯಾಣ. ವಿಜಯನಗರದ ಕಾಲದಲ್ಲಿ ವರಾಹ, ಅದರ ಅರ್ಧವಾದ ಪ್ರತಾಪ, ಕಿರಿದಾದ ಹಣ ಇವು ಬಳಕೆಯಲ್ಲಿದ್ದುದನ್ನು 1443ರಲ್ಲಿ ಬಂದ ಅಬ್ದುಲ್ ರಜಾಕ್ ಬರೆದಿಟ್ಟಿದ್ದಾನೆ. ಅಚ್ಯುತರಾಯನ ವರಾಹದ ಮೇಲೆ ಗಂಡಭೇರುಂಡ. 1565ರ ಯುದ್ಧದ ಅನಂತರ ನಮಗೆ ಸಮೀಪದ ಪೆನುಕೊಂಡೆಯಿಂದ ಆಳಿದ ತಿರುಮಲರಾಯನ ವರಾಹದ ಮೇಲೆ ಸೀತಾರಾಮರು, ಪಕ್ಕದಲ್ಲಿ ನಿಂತ ಲಕ್ಷ್ಮಣ. ಶ್ರೀರಂಗಪಟ್ಟಣದಲ್ಲಿ ಕಂಠೀರವ ನರಸರಾಜ ಒಡೆಯರು ಅಚ್ಚು ಹಾಕಿಸಿದ ಕಂಠೀರಾಯಿ ಹಣ, ಹೈದರನ ಬಹಾದ್ದೂರಿ ಹೊನ್ನು, ಟಿಪ್ಪುವಿನ ನಾಣ್ಯಗಳು, ದಿವಾನ್ ಪೂರ್ಣಯ್ಯನವರ ಕಾಲದ ಗಿಡ್ಡ ಕಂಠೀರಾಯಿ ಎಲ್ಲವೂ ಕಾಲಕ್ರಮದಲ್ಲಿ ಸೇರಿಕೊಂಡವು. ಹೆಸರುಕಾಳಿನಷ್ಟು ಚಿಕ್ಕದಾದ ಚಿನ್ನದ ಹಣವನ್ನು ರೈತನು ತಾನೇ ಪರೀಕ್ಷಿಸುವುದು ಹೇಗೆ? ಹೀಗೆ ಚಿನಿವಾರನಿಗೆ ಕೆಲಸ ಬಂತು. ಒರೆಗಲ್ಲು, ಕಿರುತಕ್ಕಡಿ, ಬೆರಳ ಅನುಭವ ಇವು ಅವನ ಸಾಧನಗಳು. ಸವಕಲು ನಾಣ್ಯಕ್ಕೆ ಅವನು ಹಿಡಿಯುತ್ತಿದ್ದ ಕಡಿತವೇ ‘ವಟ್ಟ’. ಪತ್ರಿಕೆಗಳು ಇಂದಿಗೂ ಚಿನ್ನಬೆಳ್ಳಿಯ ಧಾರಣೆಯನ್ನು ‘ಚಿನಿವಾರಪೇಟೆ’ ಎಂಬ ಹೆಸರಿನಡಿ ಅಚ್ಚು ಮಾಡುತ್ತವೆ.

ಸರಾಫರು ತಾವು ಪರೀಕ್ಷಿಸಿದ ಬೆಳ್ಳಿ ನಾಣ್ಯದ ಮೇಲೆ ಸಣ್ಣ ಗುರುತೊಂದನ್ನು ಚುಚ್ಚುತ್ತಿದ್ದರು. ಅಂದಿನ ವ್ಯಾಪಾರಿಗೆ ಆ ಗುರುತು ಸಾಕ್ಷಿ. ಇಂದಿನ ಅಂಕಪದ್ಧತಿಗೆ ಅದೇ ಗುರುತು ಗಾಯ. ಮಾಪನಗಳು ಬದಲಾಗುತ್ತವೆಂಬುದಕ್ಕೆ ಇದು ನಿದರ್ಶನ. ಆದರೆ ಒಂದು ಗುಣವನ್ನು ನಾವು ಮರೆಯಬಾರದು. ಸರಾಫನ ಗುರುತು ನಾಣ್ಯದ ಮೈಮೇಲೆಯೇ ಇರುತ್ತಿತ್ತು. ಎರಡನೆಯ ಸರಾಫ ಪರೀಕ್ಷಿಸಿದರೆ ಅವನ ಗುರುತು ಮೊದಲಿನದರ ಪಕ್ಕದಲ್ಲಿ ಕೂರುತ್ತಿತ್ತೇ ಹೊರತು ಮೊದಲಿನದನ್ನು ಅಳಿಸುತ್ತಿರಲಿಲ್ಲ. ನಾಣ್ಯವು ತನ್ನ ಚರಿತ್ರೆಯನ್ನು ತಾನೇ ಹೊತ್ತು ತಿರುಗುತ್ತಿತ್ತು.

ಮರುಪರೀಕ್ಷೆಯ ಆಸೆಯೂ ಹೊಸದಲ್ಲ. ಹದಿನೆಂಟನೆಯ ಶತಮಾನದ ಬಂಗಾಳದಲ್ಲಿ ಹೊಸ ವರ್ಷದ ‘ಸಿಕ್ಕಾ’ ರೂಪಾಯಿಗೆ ಪೂರ್ಣ ಬೆಲೆಯಿತ್ತು. ಕೆಲವು ವರ್ಷ ಕಳೆದರೆ ಅದೇ ರೂಪಾಯಿ ‘ಸನಾತ್’ ಎನಿಸಿಕೊಂಡು ವಟ್ಟಕ್ಕೆ ಒಳಗಾಗುತ್ತಿತ್ತು. ಬೆಳ್ಳಿ ಅಷ್ಟೇ ಇದ್ದರೂ ಅಚ್ಚಿನ ವರ್ಷ ಹಳೆಯದೆಂಬ ಕಾರಣಕ್ಕೆ ಬೆಲೆ ತಗ್ಗುತ್ತಿತ್ತು. ಆದ್ದರಿಂದ ಜನ ಹಳೆಯದನ್ನು ಟಂಕಸಾಲೆಗೆ ಒಯ್ದು, ಶುಲ್ಕ ತೆತ್ತು, ಹೊಸ ಅಚ್ಚು ಹಾಕಿಸಿಕೊಳ್ಳುತ್ತಿದ್ದರು. ಈ ಗೊಂದಲವನ್ನು ನಿವಾರಿಸಲು ಕಂಪನಿ ಸರ್ಕಾರವು 1793ರಲ್ಲಿ ಎಲ್ಲ ಸಿಕ್ಕಾಗಳ ಮೇಲೂ ಷಾ ಆಲಮನ 19ನೆಯ ಆಳ್ವಿಕೆಯ ವರ್ಷವನ್ನೇ ಹಾಕುವಂತೆ ವಿಧಿಸಿತು. 1835ರಲ್ಲಿ 180 ಗ್ರೇನ್ ತೂಕದ ಏಕರೂಪದ ರೂಪಾಯಿ ಜಾರಿಗೆ ಬಂತು. ಹಳೆಯ ರೂಪಾಯಿಯನ್ನು ಬಹಿರಂಗವಾಗಿ ಟಂಕಸಾಲೆಗೆ ಒಯ್ದವನನ್ನು ಯಾರೂ ವಂಚಕನೆನ್ನುವಂತಿರಲಿಲ್ಲ. ಹಳೆಯದರ ಮೇಲಿನ ವರ್ಷವನ್ನು ಗುಟ್ಟಾಗಿ ತಿದ್ದಿದ್ದರೆ ಮಾತು ಬೇರೆ.

ಈಗ ಮುದ್ರೆಯ ಪ್ರಶ್ನೆ. ಬ್ಯಾಂಕಿನಲ್ಲಿ ನೋಟಿನ ಕಟ್ಟಿನ ಮೇಲೆ ಎಣಿಸಿದವರ ರುಜುವಿನ ಪಟ್ಟಿ ಇರುತ್ತದೆ. ಆ ಪಟ್ಟಿಯನ್ನು ಹರಿದು ಎಣಿಸಿಕೊಳ್ಳುವ ಹಕ್ಕು ಹಣದ ಒಡೆಯನಿಗೆ ಖಂಡಿತ ಇದೆ. ಆದರೆ ಹರಿದ ಮೇಲೆ ಆ ರುಜುವಿನ ಹೊಣೆ ಅಲ್ಲಿಗೆ ಮುಗಿಯುತ್ತದೆ. ನಾಣ್ಯದ ಪೆಟ್ಟಿಗೆಯ ನ್ಯಾಯವೂ ಇದೇ. ಭಂಡಾರದ ಹಣಕ್ಕೆ ಅಂಟಿಕೊಂಡಿರುವ ನಂಬಿಕೆ ಎಂತಹುದೆಂಬುದನ್ನು ನಮ್ಮ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಲೇಪಾಕ್ಷಿಯ ಗುಡಿಯನ್ನು ಅಪ್ಪಣೆಯಿಲ್ಲದೆ ಅರಸನ ಬೊಕ್ಕಸದ ಹಣದಿಂದ ಕಟ್ಟಿಸಿದನೆಂಬ ಆರೋಪ ಹೊತ್ತ ವಿರೂಪಣ್ಣನು ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆ ಎಸೆದನೆಂಬ ಐತಿಹ್ಯವನ್ನು ಮಕ್ಕಳೂ ಬಲ್ಲರು. ಧರ್ಮಕಾರ್ಯಕ್ಕೇ ವ್ಯಯವಾದರೂ ಹೇಳದೆ ತೆಗೆದ ಹಣ ಜನರ ಮನಸ್ಸನ್ನು ಕಾಡಿತೆಂಬುದೇ ಆ ಕಥೆ ಉಳಿದುಬಂದಿರುವುದಕ್ಕೆ ಕಾರಣವೆಂದು ನಮ್ಮ ನಂಬಿಕೆ.

ಇಷ್ಟರ ಬೆಳಕಿನಲ್ಲಿ ಮೊದಲನೆಯ ರೂಪಾಯಿಯನ್ನು ನೋಡೋಣ. ಉಪಾಧ್ಯಾಯರಾಗಿ ನಾವು ಅನೇಕ ವರ್ಷ ಉತ್ತರಪತ್ರಿಕೆಗಳ ಮೌಲ್ಯಮಾಪನ ಮಾಡಿದ್ದೇವೆ. ಬೆಳಗಿನ ಮೊದಲ ಪತ್ರಿಕೆಗೂ ಸಂಜೆಯ ಕೊನೆಯ ಪತ್ರಿಕೆಗೂ ನಮ್ಮ ಕೈ ಒಂದೇ ಸಮವಾಗಿ ನಡೆದಿತೆಂದು ಪ್ರಮಾಣ ಮಾಡಲಾರೆವು. ಆದ್ದರಿಂದ ಮರುಮೌಲ್ಯಮಾಪನ ಕೇಳುವುದು ವಿದ್ಯಾರ್ಥಿಯ ಹಕ್ಕು. ನಾಣ್ಯಪರೀಕ್ಷಕರೂ ಮನುಷ್ಯರೇ. ಪೆಟ್ಟಿಗೆಯ ಸಮೇತ ಕಳುಹಿಸಿ ಮರುಪರೀಕ್ಷೆ ಕೇಳುವ ವ್ಯವಸ್ಥೆಯೂ ಇದೆ. ಹಳೆಯ ಅಂಕ ಪರೀಕ್ಷಕನ ಕಣ್ಣನ್ನು ಕಟ್ಟಿಹಾಕೀತೆಂಬ ಅಂಜಿಕೆಯಿಂದ ಕೆಲವರು ಒಡೆದು ಕಳುಹಿಸುತ್ತಾರೆ. ನಾಣ್ಯ ತಮ್ಮದು, ನಷ್ಟದ ಭಯವೂ ತಮ್ಮದು. ಇದು ತಪ್ಪೆಂದು ನಾವು ಹೇಳಲಾರೆವು.

ಆದರೆ ಎರಡು ಮಿತಿಗಳಿವೆ. ಒಂದೇ ನಾಣ್ಯವನ್ನು ಹತ್ತು ಬಾರಿ ಕಳುಹಿಸಿ, ಹತ್ತರಲ್ಲಿ ಅತ್ಯಧಿಕವಾದ ಅಂಕವನ್ನು ಮಾತ್ರ ಇಟ್ಟುಕೊಂಡರೆ, ಕೊನೆಗೆ ಕೈಗೆ ಬಂದದ್ದು ನಾಣ್ಯದ ಗುಣವಲ್ಲ, ಪರೀಕ್ಷಕನೊಬ್ಬನ ಕೈತಪ್ಪು. ಎರಡನೆಯದು, ಈ ಸಂಸ್ಥೆಗಳು ಯಾವ ನಾಣ್ಯ ಯಾವ ಅಂಕದಲ್ಲಿ ಎಷ್ಟು ಬಂದಿವೆ ಎಂಬ ಲೆಕ್ಕವನ್ನು ಪ್ರಕಟಿಸುತ್ತವೆ. ಒಡೆದ ಪೆಟ್ಟಿಗೆಯ ಚೀಟಿಯನ್ನು ಹಿಂದಿರುಗಿಸದಿದ್ದರೆ ಒಂದೇ ನಾಣ್ಯ ಎರಡಾಗಿ, ಮೂರಾಗಿ ಲೆಕ್ಕಕ್ಕೆ ಸೇರುತ್ತದೆ. ಅಪರೂಪದ್ದು ಸಾಮಾನ್ಯವೆಂಬಂತೆ ತೋರಿ, ಏನೂ ಅರಿಯದ ಬೇರೊಬ್ಬ ಸಂಗ್ರಾಹಕನಿಗೆ ನಷ್ಟವಾಗುತ್ತದೆ. ಶಾಲೆಯಲ್ಲಿ ಮರುಮೌಲ್ಯಮಾಪನವಾದ ಮೇಲೆ ಅದೇ ವಿದ್ಯಾರ್ಥಿಯ ಹೆಸರನ್ನು ದಾಖಲೆಯಲ್ಲಿ ಎರಡು ಬಾರಿ ಬರೆಯುವುದುಂಟೇ?

ಎರಡನೆಯ ರೂಪಾಯಿಯ ಪ್ರಶ್ನೆ ಬೇರೆಯದು. ಅಲ್ಲಿ ಪೆಟ್ಟಿಗೆಯನ್ನು ಒಡೆಯುವ ಉದ್ದೇಶ ಹೊಸ ತೀರ್ಪನ್ನು ಕೇಳುವುದಲ್ಲ, ಇದ್ದ ತೀರ್ಪನ್ನು ಮರೆಮಾಡುವುದು. ಮಾರುವವನಿಗೆ ಗೊತ್ತಿರುವ ಕುಂದು ಕೊಳ್ಳುವವನಿಗೆ ಗೊತ್ತಾಗಬಾರದೆಂದೇ ಮಾಡಿದ ಕೆಲಸ ಅದು. ಹಿಂದೂಪುರದ ಮಂಡಿಗೆ ಬೆಲ್ಲ ತಂದ ರೈತನು ಒಂದು ಅಂಗಡಿಯ ಬೆಲೆ ಒಪ್ಪದೆ ಇನ್ನೊಂದು ಅಂಗಡಿಗೆ ಹೋಗಬಹುದು. ಒದ್ದೆಯಾದ ಅಚ್ಚನ್ನು ಕೆಳಗಿಟ್ಟು ಒಣಗಿದ್ದನ್ನು ಮೇಲೆ ಜೋಡಿಸಿದರೆ ಅದು ವ್ಯಾಪಾರವಲ್ಲ. ಒಡೆಯುವುದು ಪಾಪವಲ್ಲ; ಒಡೆದದ್ದನ್ನು, ಅದರೊಳಗಿದ್ದ ಮಾತನ್ನು ಬಚ್ಚಿಡುವುದು ಪಾಪ.

ಸಂಘದ ಕುಟುಂಬಗಳಿಗೆ ಒಂದೆರಡು ಮಾತು. ಹಬ್ಬದ ಪೂಜೆಗೆ ಹಳೆಯ ಬೆಳ್ಳಿ ರೂಪಾಯಿಗಳನ್ನು ಹುಣಸೆಹಣ್ಣಿನಿಂದ ಉಜ್ಜುವ ರೂಢಿ ನಮ್ಮ ಮನೆಗಳಲ್ಲಿದೆ. ಭಕ್ತಿಗೆ ಅಡ್ಡಿಯಿಲ್ಲ, ಆದರೆ ಮುಂದೆ ಮಾರುವ ಪ್ರಸಂಗ ಬಂದರೆ ಉಜ್ಜಿದ್ದೇವೆಂದು ಹೇಳಿಬಿಡಿ. ನೂರು ವರ್ಷ ದಾಟಿದ ನಾಣ್ಯವು 1972ರ ಕಾಯಿದೆಯಂತೆ ಪ್ರಾಚೀನ ವಸ್ತು. ಖಾಸಗಿಯವರು ಅದನ್ನು ಪರದೇಶಕ್ಕೆ ಕಳುಹಿಸುವಂತಿಲ್ಲ, ಪರೀಕ್ಷೆಯ ನೆಪವೂ ಸಲ್ಲದು. ಹೊಲ ಉಳುವಾಗ ಹಳೆಯ ಹಣದ ಗಡಿಗೆ ಸಿಕ್ಕರೆ 1878ರ ನಿಧಿ ಕಾಯಿದೆಯಂತೆ ಕಲೆಕ್ಟರರಿಗೆ ತಿಳಿಸಬೇಕು.

ನಮ್ಮ ವಿದ್ಯಾರ್ಥಿಗೆ ಇದನ್ನೆಲ್ಲ ಹೇಳಿದೆವು. ಅವರು ಮೊದಲನೆಯ ಪೆಟ್ಟಿಗೆಯನ್ನು ಒಡೆದು, ಹಳೆಯ ಚೀಟಿಯನ್ನು ಜೊತೆಗಿಟ್ಟು ಕಳುಹಿಸಿದರು. ಮತ್ತೆ 62 ಎಂದೇ ಬಂತು. ಎರಡನೆಯದನ್ನು ಪೆಟ್ಟಿಗೆಯ ಸಮೇತ ಮಾರಿದರು. ವ್ಯಾಪಾರಿ ಹೇಳಿದ್ದಕ್ಕಿಂತ ಬಹಳ ಕಡಿಮೆ ಬೆಲೆ ಸಿಕ್ಕಿತು. “ಎರಡರಲ್ಲೂ ನಷ್ಟವೇ ಆಯಿತು, ಸಾರ್” ಎಂದು ದೂರವಾಣಿಯಲ್ಲಿ ನಕ್ಕರು. ಅದೇ ಕೊಂಡವರು ಈಗ ಪ್ರತಿಯೊಂದು ನಾಣ್ಯವನ್ನೂ ಮೊದಲು ಅವರಲ್ಲಿಯೇ ಕೇಳುತ್ತಾರಂತೆ.